ಮಣಿಕಟ್ಟಿಗೆ ಕೇಳಿಸಿದ ಸದ್ದು

ಮೂಡಿಗೆರೆ
ಸೋಮವಾರ, ೧೭ ನವೆಂಬರ್ ೨೦೨೫

ಶಶಿಧರ್ ಅವರಿಗೆ ಅರುಣಾ ಮಾಡುವ ನಮಸ್ಕಾರ.

ನಿಮ್ಮ ಹೆಸರಿನ ಮುಂಚೆ ಒಂದು ಪದ ಬರೆದು ಹೊಡೆದು ಹಾಕಿದ್ದು ಕಾಣುತ್ತಿರಬಹುದು. ಅದು ‘ಪ್ರೀತಿಯ’ ಎಂಬ ಪದ. ಒಂಬತ್ತು ವರ್ಷದಿಂದ ಬೇರೆ ಊರಲ್ಲಿರುವ ಗಂಡನಿಗೆ ಹಾಗೆ ಶುರು ಮಾಡುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ಹೊಸ ಹಾಳೆ ತೆಗೆದರೆ ಬರೆಯುವ ಧೈರ್ಯವೇ ಹೋದೀತು ಎಂದು ಇದರಲ್ಲೇ ಮುಂದುವರಿಸಿದ್ದೇನೆ.

ಮೊದಲು ಸುದ್ದಿ. ನೀವು ಕಳಿಸಿದ ವಾಚ್ ಬೆಲ್ಟ್ ಕೆಲಸ ಮಾಡುತ್ತಿದೆ. ನಮ್ಮ ಅಪ್ಪಯ್ಯ ಒಂದೂವರೆ ತಿಂಗಳಿಂದ ಮತ್ತೆ ದಿನಾ ಅಂಗಡಿಗೆ ಬರುತ್ತಿದ್ದಾರೆ. ಇವತ್ತು ಕಾರ್ತಿಕದ ಕಡೇ ಸೋಮವಾರ, ಮಧ್ಯಾಹ್ನಕ್ಕೇ ಬಾಗಿಲು ಹಾಕಿ ದೇವಸ್ಥಾನಕ್ಕೆ ಹೋಗೋಣ ಎಂದರೆ, ‘ನೀನು ಹೋಗು, ನಾನೊಂದು ವಾಚು ಬಿಚ್ಚಿಕೊಂಡು ಕೂತಿದ್ದೀನಿ’ ಎಂದರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದಾರೆ. ನಾನೂ ಹೋಗದೆ ಕೌಂಟರಿನ ಈಚೆ ಕೂತು ನಿಮಗೆ ಬರೆಯುತ್ತಿದ್ದೇನೆ. ನಿಮಗೆ ಕೃತಜ್ಞತೆ ಹೇಳುವುದಕ್ಕೇ ಈ ಕಾಗದ. ಅದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇನ್ನೊಂದು ಮಾತೂ ಹೇಳುವುದಿದೆ, ಫೋನಿನಲ್ಲಾದರೆ ಅದನ್ನು ನಾನು ಅರ್ಧಕ್ಕೇ ನುಂಗಿಬಿಡುತ್ತೇನೆ.

ಬೆಲ್ಟ್ ತಂದುಕೊಟ್ಟ ಗಂಗಾಧರಪ್ಪನವರು ನಿಮಗೆ ಎಷ್ಟು ಹೇಳಿದ್ದಾರೋ ಗೊತ್ತಿಲ್ಲ. ನಮ್ಮ ಮರ್ಯಾದೆ ಉಳಿಯಲಿ ಎಂದು ಅರ್ಧ ಬಿಟ್ಟೇ ಹೇಳಿರುತ್ತಾರೆ. ಹಾಗಾಗಿ ನಾನೇ ಹೇಳುತ್ತೇನೆ.

ಅಪ್ಪಯ್ಯನ ಕಿವಿ ಒಂದೇ ದಿನದಲ್ಲಿ ಹೋಗಿದ್ದಲ್ಲ. ಮೂರು ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಕೆಲಸದಲ್ಲಿ ಮುಳುಗಿದ್ದಾರೆ ಅಂದುಕೊಳ್ಳುತ್ತಿದ್ದೆ. ಅವರೂ ಬಾಯಿಬಿಡಲಿಲ್ಲ. ಹೇಗೆ ಬಿಟ್ಟಾರು? ಅವರು ಐವತ್ತೈದು ವರ್ಷ ವಾಚು ರಿಪೇರಿ ಮಾಡಿದ್ದು ಕಣ್ಣಿಂದ ಅಲ್ಲ, ಕಿವಿಯಿಂದ. ನಿಮಗೆ ನೆನಪಿದೆಯಲ್ಲ, ಕೆಲಸ ಕಲಿಸುವಾಗ ನಮ್ಮಿಬ್ಬರಿಗೂ ಮೊದಲ ಆರು ತಿಂಗಳು ಒಂದು ಸ್ಕ್ರೂಡ್ರೈವರನ್ನೂ ಮುಟ್ಟಗೊಡಲಿಲ್ಲ. ಬರೀ ಕೇಳಿಸಿದರು. ವಾಚನ್ನು ಕಿವಿಗಿಟ್ಟು ಎಡಗಣ್ಣು ಮುಚ್ಚಿದರೆಂದರೆ, ಎಣ್ಣೆ ಒಣಗಿದೆಯೋ, ಚಕ್ರದ ಹಲ್ಲು ಸವೆದಿದೆಯೋ, ಟಿಕ್ ಒಂದು ಅಳತೆ ಟಾಕ್ ಒಂದು ಅಳತೆಯಾಗಿ ಕುಂಟುತ್ತಿದೆಯೋ, ಬಿಚ್ಚುವ ಮೊದಲೇ ಹೇಳುತ್ತಿದ್ದರು.

ಈ ವರ್ಷ ಮಾರ್ಚಿನಲ್ಲಿ ಕಾಫಿಯ ಹೂಮಳೆ ಬಿದ್ದ ಮಾರನೇ ದಿನ ಗಂಗಾಧರಪ್ಪನವರು ಕೊಟ್ಟಿಗೆಹಾರದ ಎಸ್ಟೇಟಿನಿಂದ ಜೀಪಿನಲ್ಲಿ ಬಂದರು. ಅವರ ತಂದೆಯ ಕಾಲದ ಸ್ವಿಸ್ ವಾಚು ಕ್ಲೀನಿಂಗಿಗೆ ಬಂದಿತ್ತು. ಅಪ್ಪಯ್ಯನೇ ಬಿಚ್ಚಿ, ತೊಳೆದು, ಜೋಡಿಸಿಟ್ಟಿದ್ದರು. ನಾನು ಟ್ರೇಯಿಂದ ತೆಗೆದು ಅವರ ಕೈಗೆ ಕೊಟ್ಟೆ. ಎಂದಿನಂತೆ ಕಿವಿಗಿಟ್ಟುಕೊಂಡರು, ಎಡಗಣ್ಣು ಮುಚ್ಚಿದರು. ಅರ್ಧ ನಿಮಿಷ ಕೇಳಿ ಮುಖ ಅರಳಿಸಿ, ‘ಚೆನ್ನಾಗಿ ಓಡ್ತಿದೆ ಸ್ವಾಮಿ, ಇನ್ನೈದು ವರ್ಷ ಯೋಚನೆ ಇಲ್ಲ’ ಎಂದರು.

ಸೆಕೆಂಡಿನ ಮುಳ್ಳು ಅಲುಗುತ್ತಿರಲಿಲ್ಲ, ಶಶಿಧರ್. ಆ ವಾಚಿಗೆ ಅವತ್ತು ಯಾರೂ ಕೀ ಕೊಟ್ಟಿರಲಿಲ್ಲ.

ನಾನು ನೋಡಿದೆ. ಗಂಗಾಧರಪ್ಪನವರೂ ನೋಡಿದರು. ಅವರು ನಿಂತ ವಾಚನ್ನೇ ಕೈಗೆ ಕಟ್ಟಿಕೊಂಡು, ಅದರಲ್ಲಿ ಹೊತ್ತು ನೋಡಿದ ಹಾಗೆ ಮಾಡಿ, ‘ಹೌದೌದು, ಈಗ ಜೀವ ಬಂತು ನೋಡಿ ಜಯದೇವಪ್ಪನವರೇ’ ಎಂದು ಎರಡೂ ಕೈಯಿಂದ ಅಪ್ಪಯ್ಯನ ಕೈ ಹಿಡಿದರು. ಜೀಪು ಹತ್ತುವಾಗ ನನ್ನ ಕಡೆ ತಿರುಗಿ, ಏನೂ ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದರು.

ಆದರೆ ಅಪ್ಪಯ್ಯ ನನ್ನ ಮುಖ ನೋಡಿಬಿಟ್ಟಿದ್ದರು. ಮಾರನೇ ಬೆಳಿಗ್ಗೆ ಮೊಣಕಾಲು ನೋವು ಎಂದು ಅಂಗಡಿಗೆ ಬರಲಿಲ್ಲ. ಆಮೇಲೆ ಆರು ತಿಂಗಳು ಬರಲಿಲ್ಲ.

ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದೆ. ಮಾತು ಕೇಳತೊಡಗಿತು. ಬಸ್ಸಿನ ಹಾರ್ನು, ಪಕ್ಕದ ಮನೆಯ ಮಿಕ್ಸಿ, ಶೀಟಿನ ಮೇಲೆ ಬೀಳುವ ಮಳೆ ಎಲ್ಲಾ ಕೇಳಿದವು. ವಾಚು ಕೇಳಲಿಲ್ಲ. ‘ಲೋಕದ ಗಲಾಟೆಯೆಲ್ಲ ಬರುತ್ತೆ, ನನಗೆ ಬೇಕಾದ್ದೊಂದು ಬರಲ್ಲ’ ಎಂದರು. ಫೋನಿನಲ್ಲಿ ವಾಚಿನ ಬಡಿತವನ್ನು ಗೆರೆ ಎಳೆದು ತೋರಿಸುವ ಆಪ್ ಇದೆಯಲ್ಲ, ಅದನ್ನೂ ತೋರಿಸಿದೆ. ನೋಡಿದರು. ‘ಇದು ಡಾಕ್ಟರು ಬರೆದ ಚೀಟಿ ಓದಿದ ಹಾಗೆ ಅರುಣಾ, ರೋಗಿಯ ಕೈ ಹಿಡಿದು ನೋಡಿದ ಹಾಗಲ್ಲ’ ಎಂದು ಫೋನು ವಾಪಸು ಕೊಟ್ಟರು.

ಜೂನ್ ತಿಂಗಳಲ್ಲಿ ಅವರ ಸ್ವಂತ ವಾಚು ನಿಂತಿತು. ಮದುವೆಯಲ್ಲಿ ಅಮ್ಮನ ತವರಿನವರು ಕೊಟ್ಟದ್ದು. ಕೆಟ್ಟು ನಿಂತಿದ್ದಲ್ಲ, ಅವರು ಕೀ ಕೊಡುವುದನ್ನು ಬಿಟ್ಟಿದ್ದರು. ನಾನು ಕೊಡಲು ಹೋದರೆ ‘ಬಿಡು’ ಎಂದರು. ಅಮ್ಮ ತೀರಿಕೊಂಡ ದಿನವೂ ಅವರು ಬೆಳಿಗ್ಗೆ ಎದ್ದು ಆ ವಾಚಿಗೆ ಕೀ ಕೊಟ್ಟಿದ್ದನ್ನು ನೋಡಿದವಳು ನಾನು. ಅವರು ಊಟ ಬಿಟ್ಟಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಅಂಗಡಿ ನಾನು ನಡೆಸುತ್ತಿದ್ದೆ. ಈಗ ಬರುವುದರಲ್ಲಿ ಅರ್ಧ ಸ್ಮಾರ್ಟ್ ವಾಚುಗಳೇ. ಗಾಜು ಒಡೆದವು, ಚಾರ್ಜ್ ಏರದವು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ತೋಟದ ಕೆರೆಗೆ ಬೀಳಿಸಿಕೊಂಡವು. ಎಲ್ಲಾ ಮಾಡುತ್ತೇನೆ. ಆದರೆ ಮುಳ್ಳಿನ ವಾಚು ಬಿಚ್ಚಿದಾಗ ಹಿಂದೆ ಅಪ್ಪಯ್ಯ ಕೂತಿಲ್ಲ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಆಗ ನಿಮಗೆ ಬರೆಯಬೇಕು ಅನ್ನಿಸಿದ್ದು ನಿಜ. ಬರೆಯಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಗಂಗಾಧರಪ್ಪನವರು ಒಂದು ಪೊಟ್ಟಣ ತಂದರು. ಬೆಂಗಳೂರಿನಲ್ಲಿ ಮಗಳ ಜೊತೆ ನಿಮ್ಮ ಕಂಪನಿಯ ವಾಚು ನೋಡಲು ಹೋದಾಗ ನೀವು ಸಿಕ್ಕಿದಿರಂತೆ. ಅಪ್ಪಯ್ಯನ ವಿಷಯ ಅವರೇ ಎತ್ತಿದರಂತೆ. ನೀವು ಎರಡು ತಿಂಗಳು ಬಿಟ್ಟು ಅವರಿಗೆ ಫೋನ್ ಮಾಡಿ, ಊರಿಗೆ ಹೋಗುವಾಗ ಇದನ್ನು ಒಯ್ಯಿರಿ ಎಂದಿರಂತೆ. ‘ನಿಮ್ಮವರು ಕೊಟ್ಟಿದ್ದು ತಾಯಿ’ ಎಂದು ಕೌಂಟರಿನ ಮೇಲಿಟ್ಟರು. ‘ನಿಮ್ಮವರು’ ಎಂಬ ಪದವನ್ನು ನಮ್ಮ ಅಂಗಡಿಯಲ್ಲಿ ಯಾರೂ ಆಡದೆ ಎಷ್ಟೋ ವರ್ಷವಾಗಿತ್ತು.

ಬಿಚ್ಚಿದೆ. ಕಂದು ಚರ್ಮದ ಬೆಲ್ಟ್, ಒಂದು ಹಾಳೆ. ನಿಮ್ಮ ಅಕ್ಷರ ಬದಲಾಗಿಲ್ಲ. ಕಂಪನಿ ಈ ಬೆಲ್ಟ್ ಮಾಡಿದ್ದು ಲಕ್ಷಗಟ್ಟಲೆ ಬೆಲೆಯ ಕೀ ವಾಚು ಕಟ್ಟುವವರಿಗೆ. ವಾಚಿನ ಹೊಟ್ಟೆಗೆ ಕೈ ಹಾಕದೆ ನಾಡಿ, ನಿದ್ದೆ, ಹೆಜ್ಜೆ ಎಲ್ಲವನ್ನೂ ಬೆಲ್ಟೇ ನೋಡಿಕೊಳ್ಳುತ್ತದೆ. ಈ ಒಂದಕ್ಕೆ ಮಾತ್ರ ನೀವು ಬೇರೆ ಕೆಲಸ ಕಲಿಸಿದ್ದೀರಿ: ವಾಚಿಗೆ ತಾಗುವ ತುದಿಯಲ್ಲಿ ಅದರ ಬಡಿತವನ್ನು ಕೇಳಿಸಿಕೊಳ್ಳುವ ತೆಳು ತುಂಡು, ಬಕಲ್ಲಿನ ಹತ್ತಿರ ಅದೇ ಬಡಿತವನ್ನು ಮಣಿಕಟ್ಟಿನ ಒಳಮೈಗೆ ತಟ್ಟುವ ಇನ್ನೊಂದು ತುಂಡು. ಕೆಳಗೆ ಎರಡು ಸಾಲು: ‘ಮಾವ ಅವತ್ತು ಮ್ಯಾಗ್ನೆಟ್ ಬಗ್ಗೆ ಹೇಳಿದ್ದು ಸರಿಯಾಗಿತ್ತು. ಅದು ಅರ್ಥವಾಗಲು ನನಗೆ ನಾಲ್ಕು ವರ್ಷ ಬೇಕಾಯಿತು.’

ನನ್ನ ಹೆಸರು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೆ ಬೇಜಾರಾಗಲಿಲ್ಲ. ಆದರೆ ಆ ಎರಡು ಸಾಲನ್ನು ಅಪ್ಪಯ್ಯನಿಗೆ ತೋರಿಸುವ ಧೈರ್ಯ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಮೂರು ದಿನ ಪೊಟ್ಟಣವನ್ನು ಡ್ರಾಯರಿನಲ್ಲಿ ಮುಚ್ಚಿಟ್ಟೆ. ನಾಲ್ಕನೇ ದಿನ ಮನೆಗೆ ಒಯ್ದೆ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಪ್ಪಯ್ಯ ಕಾಫಿ ಕುಡಿಯುತ್ತಿದ್ದರು. ಬೆಲ್ಟ್ ನೋಡಿ, ‘ಬ್ಯಾಟರಿದಾ?’ ಎಂದರು. ಹೌದು ಎಂದೆ. ‘ವಾಚಿಗೇನೂ ಮಾಡಲ್ವಾ?’ ‘ಒಳಗೆ ಏನೂ ಮುಟ್ಟಲ್ಲ’ ಎಂದೆ. ಯಾರು ಮಾಡಿದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರದೇ ವಾಚನ್ನು ಅದಕ್ಕೆ ಸಿಕ್ಕಿಸಿ, ಕೀ ಕೊಟ್ಟು, ಕೈಗೆ ಕಟ್ಟಿದೆ. ಮಗುವಿನ ಹಾಗೆ ಕೈ ನೀಡಿಕೊಂಡು ಕೂತಿದ್ದರು, ನನ್ನ ಮನಸ್ಸು ನೋಯಿಸಬಾರದು ಎಂಬಷ್ಟೇ ಆಸಕ್ತಿ ಮುಖದಲ್ಲಿತ್ತು.

ಆಮೇಲೆ ಇದ್ದಕ್ಕಿದ್ದಂತೆ ತಲೆ ಎತ್ತಿ ಬಾಗಿಲ ಕಡೆ ನೋಡಿದರು, ಯಾರೋ ಕರೆದ ಹಾಗೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೈ ನೋಡಿಕೊಂಡರು. ಬಲಗೈಯನ್ನು ಮೆಲ್ಲಗೆ ಬೆಲ್ಟಿನ ಮೇಲಿಟ್ಟರು. ಎಡಗಣ್ಣು ಮುಚ್ಚಿತು.

ಒಂದು ನಿಮಿಷವೋ ಎರಡು ನಿಮಿಷವೋ. ಕಾಫಿ ಕೆನೆಗಟ್ಟಿತು.

‘ಇದು ಕುಂಟ್ತಿದೆ’ ಎಂದರು.

ಅವರೇ ಮುಂದುವರಿಸಿದರು: ‘ಟಿಕ್ ಉದ್ದ, ಟಾಕ್ ಗಿಡ್ಡ. ಎಣ್ಣೆನೂ ಒಣಗಿದೆ. ಅಂಗಡಿ ಬೀಗದ ಕೈ ಎಲ್ಲಿಟ್ಟಿದ್ದೀಯಾ?’

ಮೊಣಕಾಲು ನೋವಿನ ಮನುಷ್ಯ ನನಗಿಂತ ಮುಂದೆ ನಡೆದರು, ಮಾರಾಯರೇ! ಬಸ್ ಸ್ಟ್ಯಾಂಡಿನ ಏರಿನಲ್ಲಿ ನಾನು ಏದುಸಿರು ಬಿಡುತ್ತಾ ಹಿಂದೆ. ಮಧ್ಯಾಹ್ನದವರೆಗೆ ತಲೆ ಎತ್ತದೆ ಬಿಚ್ಚಿದರು, ತೊಳೆದರು, ಎಣ್ಣೆ ಹಾಕಿದರು. ಮತ್ತೆ ಕಟ್ಟಿಕೊಂಡು ಕಣ್ಣು ಮುಚ್ಚಿ, ‘ಹ್ಞಾಂ, ಈಗ ನಡಿಗೆ ಸರಿಯಾಯ್ತು’ ಎಂದರು. ಅವರು ಅಳಲಿಲ್ಲ. ನಾನು ಅಂಗಡಿಯ ಹಿಂದಿನ ಗಲ್ಲಿಗೆ ಹೋಗಿ ಅತ್ತು ಬಂದೆ. ಆ ಹೊತ್ತಿಗೆ ನಿಮ್ಮ ಮೇಲೆ ನನಗಿದ್ದ ಸಿಟ್ಟಿನಲ್ಲಿ ಏನಾದರೂ ಉಳಿದಿದೆಯೇ ಎಂದು ಹುಡುಕಿದೆ. ಬಹಳ ಹುಡುಕಬೇಕಾಯಿತು.

ಈಗ ಗಿರಾಕಿಯ ವಾಚು ಬಂದರೆ ನೀವು ಹಾಳೆಯಲ್ಲಿ ಬರೆದ ಹಾಗೆ ಬೆಲ್ಟಿಗೆ ಸಿಕ್ಕಿಸಿ, ಕೈಗೆ ಕಟ್ಟಿಕೊಂಡು ರೋಗ ಹೇಳುತ್ತಾರೆ. ಮೊದಲು ಮಾಡಿದ ಕೆಲಸ ಏನು ಗೊತ್ತೇ? ಗಂಗಾಧರಪ್ಪನವರಿಗೆ ಹೇಳಿಕಳಿಸಿ ಆ ಸ್ವಿಸ್ ವಾಚು ತರಿಸಿಕೊಂಡರು. ಎರಡು ದಿನ ಕಟ್ಟಿಕೊಂಡು ನೋಡಿ, ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತಿದೆ ಎಂದು ತಿದ್ದಿಕೊಟ್ಟರು. ‘ಅವತ್ತು ನಿಂತ ವಾಚನ್ನ ಓಡ್ತಿದೆ ಅಂದುಬಿಟ್ಟೆ ಸ್ವಾಮಿ, ಕ್ಷಮಿಸಬೇಕು’ ಎಂದರು. ಗಂಗಾಧರಪ್ಪನವರು, ‘ನಿಮ್ಮ ಕೈಯಿಂದ ತಗೊಂಡ ವಾಚು ನಿಂತಿದೆ ಅಂತ ಅನ್ನೋಕೆ ನಾನ್ಯಾರು?’ ಎಂದು ನಕ್ಕರು. ಇಂಥ ಜನರ ನಡುವೆ ಇಟ್ಟಿದ್ದಕ್ಕೆ ದೇವರಿಗೂ ನಮಸ್ಕಾರ ಹೇಳಬೇಕು.

ಅವರು ಹೋದ ಮೇಲೆ ಅಪ್ಪಯ್ಯ ಬೆಲ್ಟನ್ನು ತಿರುಗಿಸಿ ನೋಡುತ್ತಾ, ‘ಇದನ್ನ ಮಾಡಿದವನಿಗೆ ವಾಚಿನ ಕೆಲಸ ಗೊತ್ತು. ಯಾರು ಅವನು?’ ಎಂದರು. ನಿಮ್ಮ ಹೆಸರು ಹೇಳಿದೆ. ಬೆಲ್ಟನ್ನು ಮತ್ತೆ ಕೈಗೆ ಕಟ್ಟಿಕೊಂಡರು. ಆಮೇಲೆ, ‘ಮತ್ತೆ ಅವತ್ತು ನಾನು ಹೇಳಿಕಳಿಸಿದ್ದಕ್ಕೆ ಯಾಕೆ ಒಂದು ಉತ್ತರಾನೂ ಕೊಡಲಿಲ್ಲ?’ ಎಂದರು.

ನಾನು ಹೇಳಬೇಕಾದ ಮಾತು ಇದೇ.

ಒಂಬತ್ತು ವರ್ಷದ ಹಿಂದೆ ನೀವು ಬೆಂಗಳೂರಿನ ಕಂಪನಿಗಾಗಿ ಮಾಡಿದ ಮೊದಲ ವಾಚನ್ನು ತಂದು ಅಪ್ಪಯ್ಯನ ಮುಂದಿಟ್ಟಿರಿ. ಒಳಗೆ ಕೀ ವಾಚಿನ ಯಂತ್ರ, ಅದರ ಬೆನ್ನಿಗೇ ಅಂಟಿಕೊಂಡಂತೆ ಸ್ಮಾರ್ಟ್ ವಾಚಿನ ಸರ್ಕ್ಯೂಟು. ಅಪ್ಪಯ್ಯ ಅದನ್ನು ಕಿವಿಗಿಟ್ಟು ಕೇಳಿ, ‘ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಪಕ್ಕ ಮ್ಯಾಗ್ನೆಟ್ ಇಟ್ಟಿದ್ದೀಯಲ್ಲೋ, ಆರು ತಿಂಗಳಲ್ಲಿ ಹುಚ್ಚು ಕುದುರೆ ಹಾಗೆ ಮುಂದೆ ಓಡುತ್ತೆ’ ಎಂದರು. ನಿಮ್ಮ ಮುಖ ಕೆಂಪಾಯಿತು. ‘ಕಾಲ ಬದಲಾಗಿದೆ ಮಾವ’ ಎಂದು ವಾಚು ತೆಗೆದುಕೊಂಡು ಹೊರಟೇಬಿಟ್ಟಿರಿ. ನಾನು ನಿಮ್ಮ ಹಿಂದೆ ಬಸ್ ಸ್ಟ್ಯಾಂಡಿಗೆ ಓಡಿ ಬಂದೆ. ಬೆಂಗಳೂರು ಬಸ್ಸು ಹೊರಡುವುದರಲ್ಲಿತ್ತು. ‘ಇನ್ನು ಮೇಲೆ ನೀವು ಅಂಗಡಿ ಮೆಟ್ಟಿಲು ಹತ್ತಕೂಡದು ಅಂತ ಅಪ್ಪಯ್ಯ ಹೇಳಿಕಳಿಸಿದ್ದಾರೆ’ ಎಂದೆ. ನೀವು ನನ್ನನ್ನು ನೋಡಿ, ಏನೂ ಹೇಳದೆ ಬಸ್ಸು ಹತ್ತಿದಿರಿ.

ಅಪ್ಪಯ್ಯ ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದು ಇಷ್ಟು: ‘ಓಡು, ಅವನಿಗೆ ಹೇಳು. ಕೆಲಸ ಚೆನ್ನಾಗಿದೆ, ಜಾಗ ತಪ್ಪು. ಆ ಕರೆಂಟಿನ ಸಾಮಾನೆಲ್ಲ ವಾಚಿಂದ ಹೊರಗಿಡಲಿ, ಬೇಕಾದ್ರೆ ಬೆಲ್ಟಲ್ಲಿಡಲಿ.’

ಬೆಲ್ಟಲ್ಲಿ ಇಡಲಿ ಎಂದಿದ್ದರು, ಶಶಿಧರ್. ನೀವು ನಾಲ್ಕು ವರ್ಷ ತಿಣುಕಿ ಕಂಡುಕೊಂಡದ್ದನ್ನು ನಾನು ಅವತ್ತು ಬಾಯಲ್ಲಿ ಇಟ್ಟುಕೊಂಡು ಬಂದು, ಕೊಡದೆ ವಾಪಸು ಹೋದೆ. ಅಪ್ಪಯ್ಯನಿಗೆ ಮಾತ್ರ ‘ಹೇಳಿದೆ, ಅವರು ಏನೂ ಮಾತಾಡದೆ ಹೋದರು’ ಎಂದೆ. ಅವರು ನಿಮ್ಮ ಉತ್ತರಕ್ಕೆ ಕಾದರು. ನೀವು ಅವರ ಕರೆಗೆ ಕಾದಿರಬೇಕು.

ಯಾಕೆ ಹಾಗೆ ಮಾಡಿದೆ ಎಂದರೆ, ಕೆಲಸಕ್ಕೆ ಕರೆದು ಕಂಪನಿಯಿಂದ ನಿಮಗೆ ಬಂದ ಮೊದಲ ಪತ್ರವನ್ನು ನಾನು ಓದಿದ್ದೆ. ಈ ಕೆಲಸ ಬಲ್ಲ ಇನ್ನೊಬ್ಬರಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ ಎಂದು ಅದರಲ್ಲಿತ್ತು. ನೀವು ಓದಿ ಮಡಿಸಿ ಜೇಬಿಗಿಟ್ಟಿರಿ. ಸಣ್ಣ ಕೆಲಸಕ್ಕೆ ನನ್ನ ಕೈ ನಿಮ್ಮ ಕೈಗಿಂತ ಮೇಲು ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದವರು ನೀವೇ. ಆದರೆ ಆ ಇನ್ನೊಬ್ಬರು ನಾನಿರಬಹುದು ಎಂದು ನಿಮಗೆ ಹೊಳೆಯಲೇ ಇಲ್ಲ. ಕೇಳಿದ್ದರೆ ಬರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಕೇಳಬೇಕಿತ್ತು. ಆ ಸಿಟ್ಟನ್ನು ನಿಮ್ಮ ಮೇಲೆ ಹಾಕಲು ನನ್ನ ಮಾತು ಸಾಲದು ಅನ್ನಿಸಿ ಅಪ್ಪಯ್ಯನ ಬಾಯಿ ಎರವಲು ತಂದೆ. ಒಂದು ವಾರದಲ್ಲಿ ಸರಿಮಾಡಬಹುದು ಅಂದುಕೊಂಡೆ. ವಾರ ತಿಂಗಳಾಯಿತು. ಆಮೇಲೆ, ಸುಳ್ಳು ಹಳೆಯದಾದಷ್ಟೂ ಬಿಚ್ಚುವುದು ಕಷ್ಟ, ತುಕ್ಕು ಹಿಡಿದ ಸ್ಕ್ರೂ ಇದ್ದ ಹಾಗೆ.

ಇದೆಲ್ಲವನ್ನೂ ಅಪ್ಪಯ್ಯನಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ‘ಹುಡುಗಂದು ನಾಲ್ಕು ವರ್ಷ ಹಾಳಾಯ್ತಲ್ಲ’ ಎಂದರು. ಆಮೇಲೆ, ‘ಇರಲಿ. ನಾನು ಹೇಳಿ ಮಾಡಿದ್ರೆ ಇದು ನಂದಾಗ್ತಿತ್ತು. ಈಗ ಅವನದ್ದೇ’ ಎಂದರು. ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಒಂದು ವಾಚನ್ನು ನನ್ನ ಕಡೆ ತಳ್ಳಿ, ‘ಈ ಹೇರ್‌ಸ್ಪ್ರಿಂಗ್ ನೀನು ಕೂರಿಸು, ನನ್ನ ಕೈ ನಡುಗುತ್ತೆ’ ಎಂದರು. ಅವರ ಕೈ ನಡುಗುತ್ತಿರಲಿಲ್ಲ.

ಅವರು ಕ್ಷಮಿಸಿದರು ಎಂದು ನೀವೂ ಕ್ಷಮಿಸಬೇಕಾಗಿಲ್ಲ. ನಾನು ಕಿತ್ತುಕೊಂಡಿದ್ದು ನಿಮ್ಮ ವರ್ಷಗಳನ್ನು. ಮೆಟ್ಟಿಲು ಹತ್ತಬೇಡ ಎಂದು ಕೇಳಿಸಿಕೊಂಡ ಮನೆಗೆ ನೀವು ಎರಡು ತಿಂಗಳು ಕೂತು ಇದನ್ನು ಮಾಡಿ ಕಳಿಸಿದಿರಿ. ಅದನ್ನು ನೆನೆದಾಗೆಲ್ಲ ನನಗೆ ನಾಚಿಕೆ ಮೊದಲು ಬರುತ್ತದೆ, ಅದರ ಹಿಂದೆಯೇ ಕೃತಜ್ಞತೆ ಬಂದು ನಾಚಿಕೆಯನ್ನು ಪಕ್ಕಕ್ಕೆ ಸರಿಸುತ್ತದೆ. ಅಪ್ಪಯ್ಯನಿಗೆ ನೀವು ಕಿವಿ ಕೊಡಲಿಲ್ಲ, ಅದನ್ನು ಡಾಕ್ಟರು ಕೊಟ್ಟಿದ್ದರು. ನೀವು ಕೊಟ್ಟದ್ದು ಅವರ ಕಸುಬು. ಬೆಳಿಗ್ಗೆ ಎದ್ದು ಹೊರಡಲು ಒಂದು ಕಾರಣ.

ಇನ್ನು ಕೆಲಸದ ಮಾತು. ಚಾರ್ಜ್ ನಾಲ್ಕು ದಿನ ಬರುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಹೋದರೆ ವಾರ ಬರುವುದಿಲ್ಲ, ನಿಮಗೆ ಗೊತ್ತಿದ್ದದ್ದೇ. ಬೆವರಿದ ಕೈಗೆ ತಟ್ಟುವುದು ಮಂಕಾಗುತ್ತದೆ. ತಟ್ಟುವ ತುಂಡನ್ನು ಒಂದು ಬೆರಳಗಲ ಒಳಕ್ಕೆ ಸರಿಸಿದರೆ ನರಕ್ಕೆ ಸರಿಯಾಗಿ ಕೂರುತ್ತದೆ ಎಂದು ನನ್ನ ಅಂದಾಜು. ನಾನೇ ಕಟ್ಟಿಕೊಂಡು ನೋಡಿದ್ದೇನೆ. ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಕಿವಿ ಕಳೆದುಕೊಂಡ ಬೇರೆ ವಾಚ್ ರಿಪೇರಿಯವರೂ ಇದ್ದಾರು. ಕಂಪನಿಯವರು ಒಪ್ಪಿದರೆ ಅವರಿಗೂ ಮಾಡಿ. ಕೆಲಸಕ್ಕೆ ಕೈ ಬೇಕಾದರೆ ಈ ಸಲ ನನ್ನನ್ನು ಕೇಳಿ.

ಅಪ್ಪಯ್ಯ ನಾನು ಬರೆಯುವುದನ್ನು ನೋಡಿದರು. ಯಾರಿಗೆ ಎಂದು ಕೇಳಿ, ಅವರದ್ದೂ ಒಂದು ಮಾತು ಸೇರಿಸು ಎಂದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರೆಯುತ್ತಿದ್ದೇನೆ: ‘ಶಶಿ, ಚರ್ಮದ ಬೆಲ್ಟ್ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ, ಬೇರೆ ಏನಾದ್ರೂ ನೋಡು. ಕಾಫಿ ಕುಯ್ಲು ಮುಗಿಯೋದ್ರೊಳಗೆ ಬಾ. ಬರುವಾಗ ಆ ಕೆಟ್ಟ ಮೊದಲನೇ ವಾಚೂ ತಗೊಂಡು ಬಾ, ಇಬ್ಬರೂ ಕೂತು ಬಿಚ್ಚಿ ನೋಡೋಣ.’

ಅವರ ಮಾತು ಮುಗಿಯಿತು. ನನ್ನದೂ.

ನಿಮ್ಮ ಋಣದಲ್ಲಿರುವ,
ಅರುಣಾ

ತಾ.ಕ.: ನಾಲ್ಕು ವರ್ಷದ ಹಿಂದೆ, ಇಬ್ಬರೂ ಒಪ್ಪಿ ಬೇರೆಯಾಗುವ ಕೋರ್ಟಿನ ಕಾಗದಕ್ಕೆ ನೀವು ಸಹಿ ಮಾಡಿ ಕೊರಿಯರಿನಲ್ಲಿ ಕಳಿಸಿದ್ದಿರಿ. ನಿಮ್ಮ ವಕೀಲರು ಫೋನ್ ಮಾಡಿದಾಗ ಅದು ಬಂದಿಲ್ಲ, ಮಳೆಯಲ್ಲಿ ಎಲ್ಲೋ ಕಳೆದಿರಬೇಕು ಎಂದೆ. ಬಂದಿತ್ತು. ಮೂರು ಸಲ ಪೆನ್ನು ತೆಗೆದೆ, ಆಗಲಿಲ್ಲ. ನೀವು ಅದನ್ನು ಎರಡನೇ ಸಲ ಕಳಿಸಲೇ ಇಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ, ನಾನು ಕೇಳುವುದಿಲ್ಲ. ಅದಕ್ಕೂ ನನ್ನ ಕೃತಜ್ಞತೆ.